ಹೊಸ ಚೆಂಡಿಗೆ ಇಬ್ಬರು

ಶರಫಿಯಾ, ಜೆದ್ದಾ
೧೮ ಏಪ್ರಿಲ್ ೨೦೨೫

ವಾಲ್ಟರ್,

ಕ್ಷೇಮ ವಿಚಾರಿಸುವ ಮುಖ ನನಗಿಲ್ಲ. ಹಾಗಾಗಿ ನೇರ ವಿಷಯಕ್ಕೇ ಬರುತ್ತೇನೆ. ನಝೀಮ್ ಇವತ್ತು ಮತ್ತೆ ಸೊನ್ನೆಗೆ ಔಟಾದ.

ನೀನು ನೋಡಿರಲಿಕ್ಕಿಲ್ಲ. ಈ ದೇಶದಲ್ಲಿ ಕೂತು ಇಂಗ್ಲೆಂಡಿನ ಕೌಂಟಿ ಪಂದ್ಯ ನೋಡುವವರು ಯಾರು? ಅವನ ಕೌಂಟಿಯವರು ತಮ್ಮ ಪಂದ್ಯಗಳನ್ನು ಯೂಟ್ಯೂಬಿನಲ್ಲಿ ತೋರಿಸುತ್ತಾರೆ. ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆಯ ಥಾನಿಗೆ ಫೋನ್ ಒರಗಿಸಿಟ್ಟು ನೋಡುತ್ತೇನೆ. ಇವತ್ತು ಜುಮಾ ಮುಗಿಸಿ ಓಡಿ ಬಂದು ತೆರೆದರೆ ಹುಡುಗ ಆಗಲೇ ಹೆಲ್ಮೆಟ್ ಕಳಚುತ್ತಾ ವಾಪಸ್ ನಡೆಯುತ್ತಿದ್ದ. ಏನಾಯಿತೆಂದು ಹಿಂದಕ್ಕೆ ಎಳೆದು ನೋಡಬೇಕಾಯಿತು. ಹೊರಗೆ ಹೋಗುವ ಚೆಂಡು. ಬಿಟ್ಟಿದ್ದರೆ ಕೀಪರನ ಕೈ ಸೇರುತ್ತಿತ್ತು. ಬ್ಯಾಟ್ ಚಾಚಿದ, ಸ್ಲಿಪ್ಪಿನಲ್ಲಿ ಕ್ಯಾಚ್. ಸ್ವಲ್ಪ ಹೊತ್ತಿಗೆ ಅವನ ಜೊತೆಗಾರ, ಆ ಕೆಂಪು ಕೂದಲಿನ ಇಂಗ್ಲಿಷ್ ಹುಡುಗ, ಅವನೂ ಎಲ್‌ಬಿ. ಈ ಸೀಸನ್ ಶುರುವಾದಾಗಿನಿಂದ ಇಬ್ಬರೂ ಸೇರಿ ಒಮ್ಮೆಯೂ ಮೂವತ್ತು ದಾಟಿಸಿಲ್ಲ. ಈ ತಂಡದ ಮೂರನೇ ನಂಬರಿನವನು ಪ್ಯಾಡ್ ಕಟ್ಟಿಕೊಂಡೇ ತಿಂಡಿ ತಿನ್ನುತ್ತಾನೆ ಅಂತ ಕಾಮೆಂಟರಿಯವನು ನಗುತ್ತಾನೆ.

ಶುಕ್ರವಾರ ಶರಫಿಯಾದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಿರಾಕಿಗಳನ್ನು ನಮ್ಮ ಟೈಲರ್ ರಝಾಕನಿಗೆ ಬಿಟ್ಟು ನಝೀಮನಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ. ಹೋದ ಪಂದ್ಯದಿಂದಲೂ ತೆಗೆಯುತ್ತಿಲ್ಲ. ಅವನ ಉಮ್ಮ ಖದೀಜತ್ ಮಾಡಿದರೆ ತೆಗೆಯುತ್ತಾನೆ.

ಅವನಿಗೆ ಬ್ಯಾಟ್ ಹಿಡಿಯಲು ಕಲಿಸಿದವನು ನೀನು. ಖೋಬಾರಿನಲ್ಲಿ ನಾವಿದ್ದ ಬಿಲ್ಡಿಂಗಿನ ಕೆಳಗೆ, ಕಾರುಗಳ ನಡುವೆ ಟೆನಿಸ್ ಬಾಲ್ ಎಸೆದು ಎಸೆದು. ಅವನ ಕಾಲು ಎಲ್ಲಿ ಬೀಳುತ್ತದೆ, ತಲೆ ಎಲ್ಲಿ ನಿಲ್ಲುತ್ತದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಮೂರು ವರ್ಷದ ಹಿಂದೆ ಅವನು ಓದಲು ಇಂಗ್ಲೆಂಡಿಗೆ ಹೊರಟಾಗ ನೀನು ಹೇಳಿದ್ದು ನನಗೂ ನೆನಪಿದೆ, ನಿನಗೂ ನೆನಪಿರಬೇಕು. ‘ಇವ ಓಪನರ್ ಅಲ್ಲ ಕಲಂದರ್, ಐದನೇ ನಂಬರಿಗೆ ಆಡ್ಲಿಕ್ಕೆ ಬಿಡು.’ ದಮಾಮಿನ ಶುಕ್ರವಾರದ ಲೀಗಿನಲ್ಲಿ ಹನ್ನೆರಡು ವರ್ಷ ನನ್ನ ಜೊತೆ ಇನ್ನಿಂಗ್ಸ್ ಶುರು ಮಾಡಿದವನು ನನ್ನ ಮಗನ ಬಗ್ಗೆ ಹಾಗೆ ಹೇಳಿದ್ದನ್ನು ಸಹಿಸಲು ನನ್ನಿಂದ ಆಗಲಿಲ್ಲ. ನಾನು ಅಂದೆ, ನೀನೂ ಅಂದಿ. ಆಮೇಲೆ ನಾನು ಭಾವನ ಅಂಗಡಿ ನೋಡಿಕೊಳ್ಳಲು ದೇಶದ ಈ ತುದಿಗೆ ಬಂದೆ. ಆ ಜಗಳವನ್ನು ಇಲ್ಲಿ ಎತ್ತುವುದಿಲ್ಲ, ನೀನೂ ಎತ್ತಬೇಡ. ಫೋನಿನಲ್ಲಿ ಮಾತಾಡಿದರೆ ಎತ್ತಿಯೇ ಎತ್ತುತ್ತೇವೆ. ಅದಕ್ಕೇ ಕಾಗದದಲ್ಲಿ ಬರೆದು, ಮಗಳು ಶಹಾನಾಳ ಕೈಯಲ್ಲಿ ಫೋಟೊ ತೆಗೆಸಿ ಕಳಿಸುತ್ತಿದ್ದೇನೆ.

ಒಂದೆರಡು ಪಂದ್ಯ ನೋಡಿ ಎಲ್ಲಿ ತಪ್ಪುತ್ತಿದೆ ಅಂತ ಬರೆ. ಅಷ್ಟು ಸಾಕು.

ಕಲಂದರ್


ಅಬ್ಕೈಕ್
೨ ಮೇ ೨೦೨೫

ಕಲಂದರ್,

ನಿನ್ನ ಪತ್ರ ಬಂದ ದಿನ ಗುಡ್ ಫ್ರೈಡೆ. ಉಪವಾಸದ ಹೊಟ್ಟೆಯಲ್ಲಿ ಓದಿದೆ. ಉತ್ತರ ತಡವಾಯಿತು. ಪ್ಲಾಂಟಿನಲ್ಲಿ ಶಟ್‌ಡೌನ್ ನಡೆಯುತ್ತಿದೆ, ಯಂತ್ರಗಳನ್ನು ನಿಲ್ಲಿಸಿ ಬಿಚ್ಚಿ ರಿಪೇರಿ ಮಾಡುವ ಕೆಲಸ. ಹನ್ನೆರಡು ಗಂಟೆಯ ಪಾಳಿ. ಬಂದು ಬೂಟು ಬಿಚ್ಚದೆ ಸೋಫಾದ ಮೇಲೆ ಬಿದ್ದರೆ ಮತ್ತೆ ಏಳುವುದು ಮರುದಿನವೇ. ಐವತ್ತೊಂಬತ್ತಾಯಿತು ಮಾರಾಯ, ಏಣಿ ಹತ್ತುವಾಗ ಮೊಣಕಾಲು ಕಟಕಟ ಅನ್ನುತ್ತದೆ.

ನಾನು ನೋಡಿರಲಿಕ್ಕಿಲ್ಲ ಅಂದಿದ್ದಿ. ಹೋದ ವರ್ಷ ಅವನು ಮೊದಲ ತಂಡಕ್ಕೆ ಬಂದಾಗಿನಿಂದ ನೋಡುತ್ತಿದ್ದೇನೆ. ಪಂದ್ಯ ನಮ್ಮ ಒಂದು ಗಂಟೆಗೆ ಶುರು. ಕೆಲಸವಿದ್ದ ದಿನ ಬಂದ ಮೇಲೆ ಮೊದಲಿನಿಂದ ಹಾಕಿ ನೋಡುತ್ತೇನೆ. ಟಿವಿ ಆರಿಸು ಅನ್ನುವವರು ಮನೆಯಲ್ಲಿ ಈಗ ಯಾರೂ ಇಲ್ಲ.

ಅವನ ಕಾಲು ಸರಿ ಇದೆ. ತಲೆಯೂ ಸರಿ ಇದೆ. ನಾನು ಕಲಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಅಲ್ಲಿಯವರು ತಿದ್ದಿದ್ದಾರೆ. ಆದರೆ ಓಪನರ್ ಅಂದರೆ ಅರ್ಧ ಕೆಲಸ ಚೆಂಡು ಬಿಡುವುದು. ಹೋದ ವರ್ಷ ಅವನು ಚೆನ್ನಾಗಿ ಬಿಡುತ್ತಿದ್ದ. ಈ ವರ್ಷ ನಾಲ್ಕೈದು ಚೆಂಡು ಬಿಟ್ಟ ಕೂಡಲೇ ತಲೆ ಎತ್ತಿ ಸ್ಕೋರ್‌ಬೋರ್ಡ್ ನೋಡುತ್ತಾನೆ. ನೋಡಿದ ಮೇಲೆ ಮುಂದಿನದಕ್ಕೆ ಬ್ಯಾಟ್ ಹಾಕುತ್ತಾನೆ, ಯಾರೋ ಹಿಂದೆ ನಿಂತು ‘ಎಷ್ಟಾಯ್ತು, ಎಷ್ಟಾಯ್ತು’ ಅಂತ ಕೇಳುತ್ತಿರುವ ಹಾಗೆ.

ಜೊತೆಗಾರನದ್ದು ಬೇರೆ ಕಾಯಿಲೆ. ಒಳಗೆ ಬರುವ ಚೆಂಡು ಅವನಿಗೆ ಕಾಣುವುದೇ ಇಲ್ಲ. ಆದರೂ ಇಬ್ಬರದ್ದು ಒಳ್ಳೆಯ ಜೋಡಿ. ಓವರ್ ಮುಗಿದಾಗ ಪಿಚ್ಚಿನ ನಡುವೆ ಬಂದು ಗ್ಲೌಸ್ ತಾಗಿಸುತ್ತಾರಲ್ಲ, ಆಗ ಅವರನ್ನು ನೋಡು. ಮಾತಿಲ್ಲ, ಕತೆಯಿಲ್ಲ. ಒಬ್ಬ ಇನ್ನೊಬ್ಬನ ಬೆನ್ನು ತಟ್ಟುತ್ತಾನೆ, ತಿರುಗಿ ನಡೆಯುತ್ತಾನೆ. ಇಬ್ಬರಿಗೂ ಈ ಕೆಲಸ ಸಾಕಾಗಿದೆ, ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಹೋಗುವಂತಿಲ್ಲ.

ನಿನಗೆ ಹೇಳುವುದು ಇಷ್ಟೇ. ಅವನು ಔಟಾದ ಮೇಲೆ ಫೋನ್ ಮಾಡಬೇಡ. ಒಂದು ತಿಂಗಳು ಮಾಡದೆ ಇದ್ದು ನೋಡು.

ವಾಲ್ಟರ್


ಜೆದ್ದಾ
೨೩ ಮೇ ೨೦೨೫

ವಾಲ್ಟರ್,

ನೀನು ಹೇಳಿದ ಹಾಗೆ ಫೋನ್ ಮಾಡಲಿಲ್ಲ. ವಾಯ್ಸ್ ಮೆಸೇಜ್ ಕಳಿಸಿದೆ. ಖದೀಜತ್ ಅದನ್ನು ಕೇಳಿಸಿಕೊಂಡು, ‘ಇದು ಫೋನಿಗಿಂತ ಉದ್ದ ಆಯ್ತಲ್ಲಾ’ ಅಂದಳು. ಆಫ್ ಸ್ಟಂಪ್ ಎಲ್ಲಿದೆ ಅಂತ ತಿಳಿದುಕೋ, ಸ್ಕೋರ್‌ಬೋರ್ಡ್ ನೋಡಬೇಡ, ಬೆಳಿಗ್ಗೆ ಬೇಗ ಏಳು ಅಂತೆಲ್ಲ ಹೇಳಿದ್ದೆ. ಉತ್ತರ ಬಂತು: ‘ಓಕೆ ಉಪ್ಪ.’ ಎರಡು ಶಬ್ದ. ಅದರ ಮರುದಿನ ಒಂಬತ್ತು ರನ್.

ನೀನು ಬರೆದದ್ದರ ಅರ್ಥ ನನಗೆ ಆಗದೆ ಇಲ್ಲ. ಹಿಂದೆ ನಿಂತು ಎಷ್ಟಾಯ್ತು ಎಂದು ಕೇಳುವವನು ನಾನೇ ಅಂತ ಹೇಳುತ್ತಿದ್ದಿ. ನಾನಲ್ಲದೆ ಮತ್ತೆ ಯಾರು ಕೇಳಬೇಕು? ಇಲ್ಲಿ ನನಗೆ ದಿನವೂ ಕೇಳುವವರಿದ್ದಾರೆ. ಅಂಗಡಿಗೆ ಬರುವ ಲಾಹೋರಿನವರು, ಕೊಲಂಬೊದವರು, ನಮ್ಮ ಊರಿನವರು, ಎಲ್ಲರಿಗೂ ನಾನೇ ಹೇಳಿಟ್ಟದ್ದು, ನನ್ನ ಮಗ ಕೌಂಟಿಯಲ್ಲಿ ಓಪನರ್ ಅಂತ. ಈಗ ಅವರು ಬಂದು ಫೋನ್ ತೆರೆದು ತೋರಿಸಿ, ‘ಭಾಯ್, ಆಜ್ ಭೀ ಗಯಾ’, ಇವತ್ತೂ ಹೋದ, ಅನ್ನುತ್ತಾರೆ. ರಝಾಕ್ ತಲೆ ಎತ್ತದೆ ಹೊಲಿಯುತ್ತಾನೆ. ಅವನಿಗೆ ನನ್ನ ಮೇಲೆ ಕನಿಕರ. ಅದನ್ನು ಸಹಿಸುವುದು ಇನ್ನೂ ಕಷ್ಟ.

ಐದನೇ ನಂಬರ್ ಅಂತ ಮತ್ತೆ ಬರೆದುಬಿಡುತ್ತೀಯೋ ಅಂತ ಪತ್ರ ತೆರೆಯುವಾಗ ಹೆದರಿದ್ದೆ. ಬರೆಯಲಿಲ್ಲ, ಉಪಕಾರವಾಯಿತು. ನಾನು ಈ ದೇಶಕ್ಕೆ ಬಂದಾಗ ನನಗೆ ಇಪ್ಪತ್ತೊಂದು. ಜಿಲ್ಲಾ ತಂಡದ ಆಯ್ಕೆಗೆ ಕರೆದಿದ್ದರು, ಅದಕ್ಕಿಂತ ಮೊದಲು ವೀಸಾ ಬಂತು. ಮನೆಯಲ್ಲಿ ಮೂವರು ತಂಗಿಯರು. ಹೋಗುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ನನ್ನ ಮಗ ಮೊದಲು ಹೋಗಿ ನಿಲ್ಲಬೇಕು, ಹೊಸ ಚೆಂಡು ಅವನ ಎದುರಿಗೇ ಬರಬೇಕು ಅಂತ ನಾನು ಆಸೆಪಟ್ಟರೆ ಅದು ಅಷ್ಟು ದೊಡ್ಡ ತಪ್ಪಾ?

ಇನ್ನು ಸ್ವಲ್ಪ ದಿನ ನಾಲ್ಕು ದಿನದ ಪಂದ್ಯಗಳಿಲ್ಲ. ಟ್ವೆಂಟಿ-ಟ್ವೆಂಟಿಗೆ ಇವನನ್ನು ತೆಗೆದುಕೊಂಡಿಲ್ಲ.

ಕಲಂದರ್


ಜೆದ್ದಾ
೨೭ ಮೇ ೨೦೨೫

ವಾಲ್ಟರಣ್ಣನಿಗೆ ಖದೀಜತ್‌ಳ ಸಲಾಂ.

ನಾನು ಬರೆಯುವುದು ಇವರಿಗೆ ಗೊತ್ತಿಲ್ಲ. ಶಹಾನಾಳಿಗೆ ಮಾತ್ರ ಗೊತ್ತು. ನಾನು ಏಳನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ನೀವೇ ಸರಿ ಮಾಡಿ ಓದಿಕೊಳ್ಳಿ.

ನಝೀಮ್ ನನ್ನ ಹತ್ತಿರ ಎಲ್ಲ ಹೇಳುವುದಿಲ್ಲ. ಆದರೆ ಸ್ವರ ಕೇಳಿದರೆ ಗೊತ್ತಾಗುತ್ತದಲ್ಲ. ಆಟದ ಹಿಂದಿನ ದಿನ ಅವನಿಗೆ ನಿದ್ದೆ ಬರುವುದಿಲ್ಲವಂತೆ. ಬ್ಯಾಟ್ ಮಾಡಲು ಹೋಗುವ ಮೊದಲು ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿ ಬರುತ್ತಾನಂತೆ. ‘ನಾನು ಒಬ್ಬನೇ ಇರುವುದಲ್ಲ ಉಮ್ಮ, ನನ್ನ ಜೊತೆಯವ ಬಾಗಿಲ ಹೊರಗೆ ನೀರಿನ ಬಾಟ್ಲಿ ಹಿಡ್ಕೊಂಡು ನಿಂತಿರ್ತಾನೆ’ ಅಂದ. ನಗುತ್ತಾ ಹೇಳಿದ. ಆ ಹುಡುಗನ ತಾಯಿಯನ್ನು ನಾನು ನೋಡಿಲ್ಲ. ದುವಾ ಮಾಡುವಾಗ ಈಗ ಅವನ ಹೆಸರನ್ನೂ ಸೇರಿಸುತ್ತೇನೆ.

ನಿಮ್ಮ ಮಾತು ಅವನು ಕೇಳುತ್ತಾನೆ. ಒಮ್ಮೆ ಫೋನ್ ಮಾಡಿ ಅಣ್ಣಾ. ನಾನು ಹೇಳಿದೆ ಅಂತ ಯಾರಿಗೂ ಹೇಳಬೇಡಿ.

ಇನ್ನೊಂದು. ನಿಮ್ಮ ಮನೆಯವರು ಇಜಾಬೆಲ್ಲಾ ಬಾಯಿ ಆಸ್ಪತ್ರೆಯಲ್ಲಿದ್ದಾರೆ ಅಂತ ಗೊತ್ತಾದಾಗ ಇವರು ನಿಮ್ಮ ನಂಬರ್ ತೆಗೆದು ಕೈಯಲ್ಲಿ ಹಿಡಿದು ಕೂರುತ್ತಿದ್ದರು. ನಾಳೆ ಮಾಡ್ತೇನೆ, ನಾಳೆ ಮಾಡ್ತೇನೆ ಅನ್ನುತ್ತಿದ್ದರು. ಜಗಳ ಆದ ಮೇಲೆ ಮೊದಲ ಮಾತು ಏನು ಆಡುವುದು ಅಂತ ಗೊತ್ತಾಗಲಿಲ್ಲ ಇವರಿಗೆ. ಆಮೇಲೆ ಬಾಯಿ ಹೋದ ಸುದ್ದಿಯೇ ಬಂತು. ಮತ್ತೆ ಹೇಗೆ ಮಾಡುವುದು? ಬಾಯಿಯ ಹೆಸರು ನಮ್ಮ ಮನೆಯಲ್ಲಿ ಇವರು ಈಗ ಎತ್ತುವುದೇ ಇಲ್ಲ. ನಾನು ತಿಂಡಿಗೆ ಸಣ್ಣಪೋಳೆ ಮಾಡಿದ ದಿನ, ‘ಇದು ಬೇಡ’ ಅಂತ ಎದ್ದು ಹೋಗುತ್ತಾರೆ. ಅದನ್ನು ಮಾಡಲು ನನಗೆ ಕಲಿಸಿದ್ದು ಬಾಯಿಯೇ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಖದೀಜತ್


ಅಬ್ಕೈಕ್
೧೪ ಜೂನ್ ೨೦೨೫

ಕಲಂದರ್,

ಬಕ್ರೀದ್ ಹಬ್ಬಕ್ಕೆ ನಝೀಮನಿಗೆ ಫೋನ್ ಮಾಡಿದೆ. ತುಂಬ ಹೊತ್ತು ಮಾತಾಡಿದ. ಅದರಲ್ಲಿ ಸ್ವಲ್ಪ ನಿನಗೆ ಗೊತ್ತಿರಬೇಕು. ಓದಿದ ಮೇಲೆ ನೀನು ಮತ್ತೆ ಮೂರು ವರ್ಷ ಮಾತು ಬಿಡಬಹುದು. ಆದರೂ ಬರೆಯುತ್ತೇನೆ, ಬರೆಯಲು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

‘ಅಂಕಲ್, ನೀವು ಮ್ಯಾಚ್ ನೋಡ್ತಿದ್ದೀರಾ?’ ಅಂತ ಕೇಳಿದ.

‘ನೋಡ್ತಿದ್ದೇನೆ ಮಗಾ.’

‘ಬೇಜಾರಾಗ್ತದಲ್ಲ ನೋಡ್ಲಿಕ್ಕೆ?’

‘ನೀನು ಔಟಾಗುವುದು ನೋಡ್ಲಿಕ್ಕೆ ಅಷ್ಟು ಬೇಜಾರಿಲ್ಲ. ನೀನು ಒಳಗಿಂದ ಬರುವಾಗಿನ ಮುಖ ನೋಡ್ಲಿಕ್ಕೆ ಬೇಜಾರು.’

ಆಮೇಲೆ ಹೇಳಿದ: ‘ಔಟಾದ ಕೂಡ್ಲೇ ನನಗೆ ಖುಷಿ ಆಗ್ತದೆ ಅಂಕಲ್. ಒಂದೇ ಕ್ಷಣ. ಇವತ್ತಿಂದು ಮುಗೀತಲ್ಲ ಅಂತ. ಮತ್ತೆ ಉಪ್ಪನ ನೆನಪಾಗ್ತದೆ.’

ಅವನೇ ಮುಂದುವರಿಸಿದ. ಚಳಿಗಾಲದಲ್ಲಿ ಕೋಚ್ ಕರೆದು, ಐದನೇ ನಂಬರ್ ಖಾಲಿ ಇದೆ, ನಿನಗೆ ಅದೇ ಸರಿ ಅನ್ನಿಸುತ್ತದೆ, ಏನು ಹೇಳ್ತಿ ಅಂತ ಕೇಳಿದರಂತೆ. ಇವನು ಬೇಡ ಅಂದನಂತೆ.

‘ಯಾಕೆ ಬೇಡ ಅಂದಿ?’

‘ನಿಮಗೆ ಗೊತ್ತುಂಟಲ್ಲ ಅಂಕಲ್.’

ಹೌದು, ನನಗೆ ಗೊತ್ತುಂಟು. ನಿನಗೂ ಗೊತ್ತುಂಟು. ಮೂರು ವರ್ಷದ ಹಿಂದೆ ನಾನು ಹೇಳಿದ್ದು ಸರಿಯಾಯಿತು ಅಂತ ತೋರಿಸಲು ಇದನ್ನು ಬರೆಯುತ್ತಿಲ್ಲ. ಅದು ಸರಿಯಾದರೆ ನನಗೆ ಏನು ಸಿಗಬೇಕಿದೆ? ಹುಡುಗ ಹೊಸ ಚೆಂಡಿಗೆ ಹೆದರುವುದಿಲ್ಲ ಕಲಂದರ್. ಏಪ್ರಿಲಿನ ಚಳಿಯಲ್ಲಿ ಆ ಎತ್ತರದ ಬೌಲರ್ ಎದೆಗೆ ಹಾಕಿದಾಗ ಕದಲದೆ ನಿಂತದ್ದನ್ನು ನಾನು ನೋಡಿದ್ದೇನೆ. ಅವನು ಹೆದರುವುದು ಆಮೇಲೆ ಬರುವ ಫೋನಿಗೆ.

ಇಷ್ಟು ಬರೆದು ಕಳಿಸಲೋ ಬೇಡವೋ ಅಂತ ಎರಡು ದಿನ ಇಟ್ಟುಕೊಂಡಿದ್ದೆ. ಈಗ ಕಳಿಸುತ್ತಿದ್ದೇನೆ.

ವಾಲ್ಟರ್


ಅಬ್ಕೈಕ್
೧ ಆಗಸ್ಟ್ ೨೦೨೫

ಕಲಂದರ್,

ನೀನು ಬರೆಯಲಿಲ್ಲ. ಬರೆಯಬೇಕೆಂದೂ ಇಲ್ಲ. ನಾನು ಮಾತ್ರ ಬರೆಯುತ್ತಿದ್ದೇನೆ, ಯಾಕೆಂದರೆ ಈ ವಾರದ ಪಂದ್ಯ ನೀನು ನೋಡಿದೆಯೋ ಇಲ್ಲವೋ ಗೊತ್ತಿಲ್ಲ.

ನಝೀಮನನ್ನು ತಂಡದಿಂದ ಬಿಟ್ಟದ್ದು ನಿನಗೆ ಗೊತ್ತಿರುತ್ತದೆ. ಅವನ ಜಾಗಕ್ಕೆ ಬಂದವನು ಬೇಗ ಔಟಾದ. ಕೆಂಪು ಕೂದಲಿನವನು ಒಬ್ಬನೇ ಉಳಿದ. ಚೆಂದದ ಆಟವೇನಲ್ಲ. ಮೊಣಕೈಗೆ ಬಡಿಸಿಕೊಂಡ, ಎರಡು ಕ್ಯಾಚ್ ಬಿಟ್ಟರು, ಒಮ್ಮೆ ರನ್ ಔಟ್ ಆಗಬೇಕಿತ್ತು. ಆದರೂ ನಿಂತ. ನಝೀಮ್ ಪ್ರತಿ ವಿರಾಮಕ್ಕೂ ಹಳದಿ ಜಾಕೆಟ್ ಹಾಕಿಕೊಂಡು ನೀರು ತೆಗೆದುಕೊಂಡು ಓಡುತ್ತಿದ್ದ. ಐವತ್ತಾದಾಗ ಆ ಹುಡುಗ ಬ್ಯಾಟ್ ಎತ್ತಿದ್ದು ಪ್ರೇಕ್ಷಕರ ಕಡೆಗಲ್ಲ. ನಝೀಮ್ ನಿಂತಿದ್ದ ಮೂಲೆಯ ಕಡೆಗೆ. ಕ್ಯಾಮೆರಾದವನು ಯಾಕೆಂದು ತಿಳಿಯದೆ ಮೊದಲು ಬೇರೆ ಎಲ್ಲೆಲ್ಲಿಗೋ ತಿರುಗಿಸಿದ. ಕೊನೆಗೆ ಸಿಕ್ಕಿದ ನಮ್ಮವನು. ಎರಡೂ ಕೈ ತಲೆಯ ಮೇಲೆತ್ತಿ ಚಪ್ಪಾಳೆ ತಟ್ಟುತ್ತಿದ್ದ. ಈ ವರ್ಷ ಅವನು ನಕ್ಕದ್ದನ್ನು ನಾನು ಮೊದಲ ಬಾರಿ ನೋಡಿದೆ.

ನನ್ನ ವಿಷಯ: ಕಂಪನಿಯವರು ಕಾಗದ ಕೊಟ್ಟರು. ಸೆಪ್ಟೆಂಬರ್ ಇಪ್ಪತ್ತಕ್ಕೆ ಫೈನಲ್ ಎಕ್ಸಿಟ್. ಮೂವತ್ತೊಂದು ವರ್ಷದ ನಂತರ ಇಲ್ಲಿ ಇರಲು ಕೊಟ್ಟ ಇಕಾಮಾ ಕಾರ್ಡು ಹಿಂದೆ ಕೊಟ್ಟು ಹೋಗುವುದು. ಇನ್ನೊಂದು ವರ್ಷ ಕೇಳಿದ್ದರೆ ಸಿಗುತ್ತಿತ್ತೇನೋ, ಕೇಳುವಷ್ಟು ಶಕ್ತಿ ಇಲ್ಲ.

ವಾಲ್ಟರ್


ಜೆದ್ದಾ
೨೨ ಆಗಸ್ಟ್ ೨೦೨೫

ವಾಲ್ಟರ್,

ನಾನು ಇಂಗ್ಲೆಂಡಿಗೆ ಹೋಗಿ ಬಂದೆ.

ನಿನ್ನ ಜೂನ್ ತಿಂಗಳ ಪತ್ರ ಓದಿದ ದಿನ ಅಂಗಡಿಯಲ್ಲಿ ಎಲ್ಲರ ಮೇಲೂ ರೇಗಿದೆ. ನಿನ್ನ ನಂಬರ್ ಬ್ಲಾಕ್ ಮಾಡು ಅಂತ ಶಹಾನಾಳಿಗೆ ಹೇಳಿದೆ. ಅವಳು ಮಾಡಲಿಲ್ಲ ಅಂತ ಈಗ ಗೊತ್ತಾಯಿತು. ಎಷ್ಟೋ ದಿನ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು, ಔಟಾದ ಕೂಡಲೇ ಅವನಿಗೆ ಖುಷಿಯಾಗುತ್ತದೆ ಅನ್ನುವುದು. ಆಡುವ ಹುಡುಗನಿಗೆ ಅಂಥ ಖುಷಿ ಆಗಬೇಕಾದರೆ ಅವನ ಒಳಗೆ ಏನು ನಡೆದಿರಬೇಕು? ಖದೀಜತ್ ಇಂಗ್ಲೆಂಡಿನ ವೀಸಾದ ಕೆಲಸ ಶುರು ಮಾಡಿಸಿದಳು.

ಏರ್‌ಪೋರ್ಟಿಗೆ ನಝೀಮ್ ಬಂದಿದ್ದ. ಸಣ್ಣಗಾಗಿದ್ದಾನೆ. ಉಮ್ಮನನ್ನು ಅಪ್ಪಿಕೊಂಡ, ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡ, ಬ್ಯಾಗು ತೆಗೆದುಕೊಂಡ. ಕಾರಿನಲ್ಲಿ ನನ್ನನ್ನು ಮುಂದೆ ಕೂರಿಸಿದ. ದಾರಿಯುದ್ದಕ್ಕೂ ನಾನು ಏನು ಕೇಳುತ್ತೇನೋ ಅಂತ ಅವನು ಕಾಯುವುದು ನನಗೆ ಗೊತ್ತಾಗುತ್ತಿತ್ತು.

ಕೊನೆಗೆ ಕೇಳಿದೆ. ‘ನಾಳೆ ಮ್ಯಾಚ್ ಉಂಟಂತಲ್ಲ, ಎಷ್ಟನೇ ನಂಬರಿಗೆ?’

‘ಎರಡನೇ ತಂಡದ್ದು ಉಪ್ಪ.’ ಗೇರ್ ಬದಲಿಸಿ, ‘ಐದು,’ ಅಂದ. ‘ನಾನೇ ಕೇಳಿದ್ದು.’

‘ಹಾಂ. ಊಟಕ್ಕೆ ಎಷ್ಟು ಗಂಟೆಗೆ ಬಿಡ್ತಾರೆ? ನಿನ್ನ ಉಮ್ಮ ನೈಪತ್ತಿಲ್ ತಂದಿದ್ದಾಳೆ.’

ಅವನು ನನ್ನ ಕಡೆ ತಿರುಗಿ ನೋಡಿದ. ರಸ್ತೆ ನೋಡು ಅಂತ ನಾನೇ ಹೇಳಬೇಕಾಯಿತು.

ಆ ಮೈದಾನ ನಮ್ಮ ದಮಾಮಿನದ್ದಕ್ಕಿಂತ ದೊಡ್ಡದೇನಲ್ಲ. ಹುಲ್ಲು ಇದೆ ಅಷ್ಟೆ. ನೋಡಲು ಬಂದವರು ಹತ್ತಿಪ್ಪತ್ತು ಮುದುಕರು ಮತ್ತು ಒಂದು ನಾಯಿ. ಆಗಸ್ಟಿನಲ್ಲೂ ನನಗೆ ಚಳಿ, ಖದೀಜತ್ ಶಾಲು ಹೊದಿಸಿದಳು. ನಾನು ಎಂದೂ ಐದನೇ ನಂಬರಿನವನ ತಂದೆಯಾಗಿ ಕೂತವನಲ್ಲ. ಕೂತು ಕಾಯುವುದೇ ಕೆಲಸ. ಮೊದಲನೇ ವಿಕೆಟ್ ಹೋಯಿತು. ಎರಡನೆಯದು ಊಟದವರೆಗೂ ಹೋಗಲಿಲ್ಲ. ಊಟಕ್ಕೆ ಬಂದು ನಾಲ್ಕು ನೈಪತ್ತಿಲ್ ತಿಂದ ವಾಲ್ಟರ್, ನಾಲ್ಕು! ತಿಂದು ಪ್ಯಾಡ್ ಕಟ್ಟಿಕೊಂಡು ಪೆವಿಲಿಯನ್ನಿನ ಮೆಟ್ಟಿಲಲ್ಲಿ ಕೂತ. ನಾನು ಇತ್ತ ಬೆಂಚಿನಿಂದ ನೋಡುತ್ತಲೇ ಇದ್ದೆ. ತಲೆ ಒಂದು ಬದಿಗೆ ವಾಲಿತು. ಗೋಡೆಗೆ ಒರಗಿತು. ಬ್ಯಾಟ್ ತೊಡೆಯ ಮೇಲೆ ಅಡ್ಡ ಬಿತ್ತು. ನಿದ್ದೆ! ಪ್ಯಾಡ್ ಕಟ್ಟಿಕೊಂಡು, ಬಾಯಿ ತೆರೆದು, ಸಣ್ಣವನಿದ್ದಾಗ ಕಾರಿನ ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದನಲ್ಲ, ಹಾಗೇ.

ಖದೀಜತ್ ನೋಡಿದಳು. ‘ಎಬ್ಬಿಸಬೇಕಾ?’ ಅಂತ ಕೇಳಿದೆ.

‘ಮಲ್ಗಲಿ,’ ಅಂದಳು. ‘ಎಷ್ಟು ದಿನ ಆಯ್ತೋ.’ ಮತ್ತೆ ಶಾಲಿನ ತುದಿಯಿಂದ ಮುಖ ಒರೆಸಿಕೊಂಡಳು. ಆಗಲೇ ನನಗೆ ಗೊತ್ತಾದದ್ದು, ಅವನು ನಿದ್ದೆ ಮಾಡುತ್ತಿಲ್ಲ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು ಅಂತ. ನನಗೆ ಯಾರೂ ಹೇಳಿರಲಿಲ್ಲ. ಹೇಳುವಂತೆ ನಾನು ಇರಲಿಲ್ಲ.

ಮೂರನೇ ವಿಕೆಟ್ ಹೋದಾಗ ಯಾರೋ ಅವನ ಭುಜ ತಟ್ಟಿ ಎಬ್ಬಿಸಿದರು. ಎದ್ದು ಹೋಗಿ ಬ್ಯಾಟ್ ಮಾಡಿದ. ಮೂವತ್ತೊಂದು. ಔಟಾದದ್ದೂ ಹೊರಗೆ ಹೋಗುವ ಚೆಂಡಿಗೇ. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ನುಂಗುವುದು ಸುಲಭವಲ್ಲ ಮಾರಾಯ, ಈ ವಯಸ್ಸಿನಲ್ಲಿ. ಸ್ನಾನ ಮಾಡಿ ಬೌಂಡರಿಯ ಸುತ್ತ ನಡೆದು ಬಂದು ನನ್ನ ಪಕ್ಕ ಕೂತ. ಇಬ್ಬರೂ ಉಳಿದ ಆಟ ನೋಡಿದೆವು. ಅವನೇ ಹೇಳಿದ, ‘ಅದನ್ನು ಬಿಡ್ಬೇಕಿತ್ತು.’ ನಾನು ಅಂದೆ, ‘ಹೌದು. ಚಹಾ ಕುಡೀತಿಯಾ?’

ಕೆಂಪು ಕೂದಲಿನವನು ಒಂದು ಸಂಜೆ ಮನೆಗೆ ಬಂದಿದ್ದ. ಕೌಂಟಿಯವರು ಅವನಿಗೆ ಮುಂದಿನ ವರ್ಷ ಇಲ್ಲ ಅಂದಿದ್ದಾರಂತೆ. ಆ ಐವತ್ತು ತಡವಾಗಿ ಬಂತು. ಅಕ್ಟೋಬರಿನಿಂದ ತಂದೆಯ ಜೊತೆ ಮನೆಗಳ ಮಾಡು ಹೊದಿಸುವ ಕೆಲಸವಂತೆ. ಅವನ ಮುಖದಲ್ಲಿ ದುಃಖವೂ ಇತ್ತು, ಹೊರೆ ಇಳಿಸಿದವನ ಹಾಗೆಯೂ ಇದ್ದ. ಖದೀಜತ್ ಅವನಿಗೆ ಬಡಿಸಿದ್ದೇ ಬಡಿಸಿದ್ದು. ಅವಳ ಇಂಗ್ಲಿಷ್ ಅವನಿಗೆ ಗೊತ್ತಾಗಲಿಲ್ಲ, ಅವನದು ಇವಳಿಗೆ ಗೊತ್ತಾಗಲಿಲ್ಲ.

ನೀನು ಹೋಗುವ ಸುದ್ದಿ ಅಲ್ಲಿರುವಾಗಲೇ ಓದಿದೆ.

ಕಲಂದರ್


ಅಬ್ಕೈಕ್
೮ ಸೆಪ್ಟೆಂಬರ್ ೨೦೨೫

ಕಲಂದರ್,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಿದ್ದೆಯ ಭಾಗ ಮೂರು ಸಲ.

ಇಲ್ಲಿ ಮನೆ ಖಾಲಿ ಮಾಡುತ್ತಿದ್ದೇನೆ. ಸೋಫಾವನ್ನು ಕೇರಳದವರೊಬ್ಬರು ಕೊಂಡುಹೋದರು. ಅಡುಗೆ ಮನೆಯ ಡಬ್ಬಿಗಳನ್ನು ಏನು ಮಾಡುವುದೆಂದು ತಿಳಿಯುತ್ತಿಲ್ಲ. ಕೆಲವುಗಳ ಮೇಲೆ ಹೆಸರು ಬರೆದ ಚೀಟಿ ಅಂಟಿದೆ, ನನ್ನವಳ ಅಕ್ಷರದಲ್ಲಿ. ಜೀರಿಗೆ, ಕೊತ್ತಂಬರಿ. ಎಸೆಯಲು ಆಗುವುದಿಲ್ಲ, ಊರಿಗೆ ಹೊತ್ತುಕೊಂಡು ಹೋದರೆ ಮಗಳು ಹ್ಯಾಝೆಲ್ ನಗುತ್ತಾಳೆ.

ಹೋದ ಶುಕ್ರವಾರ ನಮ್ಮ ತಂಡದವರು ನನ್ನ ಕೊನೆಯ ಪಂದ್ಯ ಅಂತ ಆಡಿಸಿದರು. ಫವಾಝ್ ಅಂತ ಹೊಸ ಹುಡುಗ, ಮೂಡಬಿದ್ರೆಯವನು, ಅವನ ಜೊತೆ ಓಪನಿಂಗ್. ಬಿಸಿಲಿಗೆ ಸಿಮೆಂಟ್ ಪಿಚ್ಚಿನಿಂದ ಕಣ್ಣು ಬಿಡಲಾಗುತ್ತಿರಲಿಲ್ಲ. ಮೂರು ರನ್ನಿಗೆ ಬೌಲ್ಡ್. ಎಲ್ಲರೂ ಚಪ್ಪಾಳೆ ತಟ್ಟಿದರು, ಕೇಕ್ ಕತ್ತರಿಸಿದರು. ಕಾರಿನಲ್ಲಿ ಕೂತು ಏಸಿ ಹಾಕಿಕೊಂಡಾಗ ನನಗೂ ನಝೀಮ್ ಹೇಳಿದ ಆ ಖುಷಿಯೇ ಆಯಿತು. ಮುಗಿಯಿತಲ್ಲ ಅಂತ.

ವಾಲ್ಟರ್


ಜೆದ್ದಾ
೧೨ ಸೆಪ್ಟೆಂಬರ್ ೨೦೨೫

ವಾಲ್ಟರ್,

ಟಿಕೆಟ್ ಮಾಡಿಸಿದ್ದೇನೆ. ಗುರುವಾರ ದಮಾಮಿಗೆ ಬರುತ್ತೇನೆ, ಅಲ್ಲಿಂದ ಟ್ಯಾಕ್ಸಿಯಲ್ಲಿ ನಿನ್ನ ಮನೆಗೆ. ಪೆಟ್ಟಿಗೆ ಕಟ್ಟಲು ಇನ್ನೊಬ್ಬರು ಬೇಕು. ಡಬ್ಬಿಗಳನ್ನು ಖದೀಜತ್ ಕೇಳುತ್ತಿದ್ದಾಳೆ. ಬೇಡ ಅಂತ ಬರೆಯಬೇಡ. ಬರೆದರೂ ಬರುತ್ತೇನೆ.

ಕಲಂದರ್


ಶಿರ್ವ
೫ ಅಕ್ಟೋಬರ್ ೨೦೨೫

ಪ್ರೀತಿಯ ಕಲಂದರ್,

ಊರಿಗೆ ಬಂದು ಎರಡು ವಾರ ಆಯಿತು. ಮಲಗಿದರೆ ಬೆಳಿಗ್ಗೆ ಹತ್ತಕ್ಕೆ ಏಳುತ್ತೇನೆ. ಹ್ಯಾಝೆಲ್ ಶಾಲೆಗೆ ಹೊರಡುವಾಗ ಟೇಬಲ್ಲಿನ ಮೇಲೆ ತಿಂಡಿ ಮುಚ್ಚಿಟ್ಟು ಹೋಗುತ್ತಾಳೆ. ‘ಪಪ್ಪಾ, ನಿಮಗೆ ಹುಷಾರಿಲ್ವಾ?’ ಅಂತ ಕೇಳುತ್ತಾಳೆ. ಹುಷಾರಿದ್ದೇನೆ. ದಣಿವು ಮೂವತ್ತೊಂದು ವರ್ಷದ್ದು, ಒಮ್ಮೆಲೇ ಬರುತ್ತಿದೆ.

ಸೀಸನ್ನಿನ ಕೊನೆಯ ಪಂದ್ಯ ಇಲ್ಲಿಂದಲೇ ನೋಡಿದೆ. ನಝೀಮನನ್ನು ಮೊದಲ ತಂಡಕ್ಕೆ ವಾಪಸ್ ಕರೆದು ಐದಕ್ಕೆ ಆಡಿಸಿದರಲ್ಲ. ನಲವತ್ತನಾಲ್ಕು ಮತ್ತು ಹದಿನೇಳು. ದೊಡ್ಡದೇನಲ್ಲ. ಇನ್ನೊಂದು ವರ್ಷ ಇಟ್ಟುಕೊಂಡಿದ್ದಾರೆ ಅಂತ ನಿನ್ನೆ ಫೋನ್ ಮಾಡಿ ಹೇಳಿದ. ಭಾನುವಾರಗಳಲ್ಲಿ ಆ ಕೆಂಪು ಕೂದಲಿನವನ ಜೊತೆ ಏಣಿ ಹಿಡಿಯಲು ಹೋಗುತ್ತಾನಂತೆ. ‘ಉಪ್ಪ ಈಗ ನಾನು ಊಟಕ್ಕೆ ಏನು ಮಾಡಿದೆ ಅಂತ ಮಾತ್ರ ಕೇಳ್ತಾರೆ ಅಂಕಲ್, ಸ್ಕೋರ್ ಕೇಳ್ಲಿ ಅಂತ ನನಗೇ ಆಸೆ ಆಗ್ತದೆ’ ಅಂದ. ನಾಳೆ ನೀನೇ ಫೋನ್ ಮಾಡಿ ನಲವತ್ತನಾಲ್ಕರ ಬಗ್ಗೆ ಒಂದು ಒಳ್ಳೆಯ ಮಾತು ಹೇಳು. ಒಂದೇ ಮಾತು. ಹದಿನೇಳರ ಬಗ್ಗೆ ಬೇಡ.

ಆವತ್ತು ದಮಾಮ್ ಏರ್‌ಪೋರ್ಟಿನಲ್ಲಿ ನೀನು ಕೇಳಿದೆಯಲ್ಲ. ಎರಡು ದಿನ ನನ್ನ ಜೊತೆ ಪೆಟ್ಟಿಗೆ ಕಟ್ಟಿದಿ, ಹಗ್ಗ ಬಿಗಿದಿ, ಒಂದು ಮಾತೂ ಎತ್ತಲಿಲ್ಲ. ಕೊನೆಗೆ ನಾನು ಒಳಗೆ ಹೋಗುವ ಹೊತ್ತಿಗೆ, ಟ್ರಾಲಿ ಹಿಡಿದುಕೊಂಡು, ನನ್ನ ಮುಖ ನೋಡದೆ, ‘ಇಜಾಬೆಲ್ಲಾ ಕಡೆಗೆ ತುಂಬ ಕಷ್ಟಪಟ್ಳಾ?’ ಅಂದಿ. ನಾನು ಹೊತ್ತಾಯಿತು ಅಂತ ಹೇಳಿ ಹೊರಟುಬಿಟ್ಟೆ. ಅಲ್ಲಿ ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ನೋವು ಇತ್ತು. ಆದರೆ ಕೊನೆಯ ವಾರ ಮದ್ದು ಕೊಟ್ಟು ಹೆಚ್ಚು ಹೊತ್ತು ಮಲಗಿಸಿಯೇ ಇಡುತ್ತಿದ್ದರು. ಎಚ್ಚರವಾದಾಗ ಮಾತಾಡುತ್ತಿದ್ದಳು. ಹ್ಯಾಝೆಲ್‌ಳ ಬಗ್ಗೆ, ಮನೆಯ ಹಂಚಿನ ಬಗ್ಗೆ. ಮತ್ತೆ ಪ್ರತಿ ಸಂಜೆ ಒಂದು ಪ್ರಶ್ನೆ: ‘ಕಲಂದರ್ ಫೋನ್ ಮಾಡಿದ್ನಾ?’ ನಮ್ಮ ಜಗಳ ಅವಳಿಗೆ ಹಿಡಿಸಿರಲಿಲ್ಲ. ಗಂಡಸರಿಬ್ಬರು ಒಂದು ನಂಬರಿನ ವಿಷಯಕ್ಕೆ ಹೀಗೆ ಮಾಡುತ್ತಾರಾ ಅಂತ ಬೈಯುತ್ತಿದ್ದಳು. ಮೊದಮೊದಲು ಇಲ್ಲ ಅನ್ನುತ್ತಿದ್ದೆ. ಇಲ್ಲ ಅಂದಾಗ ಅವಳು ಗೋಡೆಯ ಕಡೆ ತಿರುಗುತ್ತಿದ್ದಳು.

ಒಂದು ಸಂಜೆ ಕೇಳಿದಾಗ, ‘ಮಾಡಿದ್ದ’ ಅಂದೆ. ‘ನೀನು ನಿದ್ದೆಯಲ್ಲಿದ್ದಿ.’

ಕಣ್ಣು ಬಿಟ್ಟು ನೋಡಿದಳು. ‘ಎಂತ ಹೇಳಿದ?’

‘ಸಲಾಂ ಹೇಳಿದ. ನೀನು ಬೇಗ ಗುಣ ಆಗ್ಬೇಕಂತೆ. ಅಳ್ತಿದ್ದ.’

‘ಅವ ಅಳುವ ಜನವೇ,’ ಅಂತ ನಕ್ಕಳು. ‘ಬೊಬ್ಬೆ ಹಾಕುವುದು ಮಾತ್ರ ಜೋರು.’ ಖದೀಜತ್ ಹೇಗಿದ್ದಾಳಂತೆ, ನಝೀಮ್ ಅಲ್ಲಿ ಸರಿಯಾಗಿ ತಿನ್ನುತ್ತಾನಂತೆಯಾ ಅಂತೆಲ್ಲ ಕೇಳಿದಳು. ನನಗೆ ತೋಚಿದ್ದನ್ನೆಲ್ಲ ಹೇಳಿದೆ. ನಿನ್ನ ದನಿಯಲ್ಲಿ ಹೇಳಿದೆ. ಆಮೇಲೆ ಅವಳು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಹಾಗಾಗಿ ಅವಳ ಮಟ್ಟಿಗೆ ನೀನು ಫೋನ್ ಮಾಡಿದ್ದಿ, ಕಲಂದರ್.

ನಿನ್ನ
ವಾಲ್ಟರ್